ಹೊಲಿಗೆ ಕೋಣೆಯ ನಕ್ಷೆ

ಬ್ಯಾಟರಾಯನಪುರದ ನಮ್ಮ ಹಳೆಯ ಮನೆ ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾದಾಗ ನಾನು ಕೇಳಿದ್ದು ಒಂದೇ, ರಸ್ತೆ ಕಡೆಗೊಂದು ಹೊಲಿಗೆ ಕೋಣೆ. ಮತ್ತಿಕೆರೆಯ ಬಾಡಿಗೆ ಅಂಗಡಿ ಬಿಟ್ಟು, ನಾಲ್ಕಾರು ಹುಡುಗಿಯರಿಗೆ ಮನೆಯಲ್ಲೇ ಬ್ಲೌಸ್ ಹೊಲಿಯಲು ಕಲಿಸಬೇಕೆಂಬ ಆಸೆ ನನ್ನದು. ಅಪ್ಪ ಹೂಂ ಎಂದರು.

ಆರ್ಕಿಟೆಕ್ಟ್ ಪದ್ಮಶ್ರೀ ಮೇಡಂ, ಕಂಬ-ಕಬ್ಬಿಣದ ಲೆಕ್ಕ ಹಾಕುವ ಎಂಜಿನಿಯರ್ ಮಂಜೂರ್, ನೀರು-ಕರೆಂಟಿನ ಲೈನ್ ನೋಡುವ ಕಾಶಿನಾಥ, ಈ ಮೂವರನ್ನೂ ಒಂದೇ ದಿನ ಕೂರಿಸಲು ಆಗಲೇ ಇಲ್ಲ. ಶುಕ್ರವಾರ ಮಂಜೂರರಿಗೆ ನಮಾಜು, ಉಳಿದ ದಿನ ಕಾಶಿನಾಥರಿಗೆ ಬೇರೆ ಸೈಟು. ಅಪರೂಪಕ್ಕೆ ಅವರಿಬ್ಬರೂ ಸಿಕ್ಕಿದರೆ ಆ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ರಾಹುಕಾಲ. ಹಾಗಾಗಿ ಒಬ್ಬೊಬ್ಬರೇ ಬಂದು, ಕಾಫಿ ಕುಡಿದು, ನಕ್ಷೆಯ ಮೇಲೊಂದು ಗೀಟು ಎಳೆದು ಹೋಗುತ್ತಿದ್ದರು. ಕಾಫಿ ಮಾಡಿಕೊಟ್ಟವಳು ನಾನೇ.

ಆಷಾಢಕ್ಕೆ ಮೊದಲು ಗುದ್ದಲಿ ಪೂಜೆ ಆಗಲೇಬೇಕೆಂದು ಅಪ್ಪ ಪಟ್ಟು ಹಿಡಿದರು. ಪೂಜೆಯ ಹಿಂದಿನ ದಿನ, ಹಳೆ ಮನೆ ಕೆಡವಿ ಖಾಲಿಯಾದ ಸೈಟಿನಲ್ಲಿ ಸುಣ್ಣದ ಪುಡಿಯಿಂದ ಗೋಡೆಗಳ ಗುರುತು ಹಾಕಿದರು. ಅವತ್ತು, ದೇವರ ದಯೆ, ಎಲ್ಲರೂ ಬಂದಿದ್ದರು. ನನ್ನ ಕೋಣೆಯೊಳಗೆ ನಿಂತು ಕೈ ಚಾಚಿದೆ. ಎರಡೂ ಕೈ ಗೆರೆಯಾಚೆ ಹೋದವು.

"ಇಲ್ಲಿ ಮಿಷನ್ ಇಟ್ರೆ ನಾನೆಲ್ಲಿ ಕೂರ್ಲಿ ಮೇಡಂ?"

ಪದ್ಮಶ್ರೀ ಮೇಡಂ ನಕ್ಷೆ ಬಿಡಿಸಿ ಮಂಜೂರರ ಮುಖ ನೋಡಿದರು.

"ಕಂಬ ದಪ್ಪ ಮಾಡ್ಬೇಕಾಯ್ತು ಮೇಡಂ. ಈ ರೂಮಲ್ಲಿ ಸ್ವಲ್ಪ ಹೋದ್ರೆ ಏನಾಗುತ್ತೆ ಅನ್ಕೊಂಡೆ" ಎಂದರು ಮಂಜೂರ್.

"ನಾನೂ ಹಂಗೇ ಅನ್ಕೊಂಡು ಪೈಪಿಗೆ ಒಂಚೂರು ಜಾಗ ತಗೊಂಡೆ" ಎಂದರು ಕಾಶಿನಾಥ.

ಅಪ್ಪ ಸುಮ್ಮನೆ ಕೆಮ್ಮಿದರು. ದೇವರ ಮನೆ ದೊಡ್ಡದು ಮಾಡಿಸಲು ಈ ಕಡೆಯಿಂದಲೇ ಜಾಗ ಕೇಳಿದ್ದವರು ಅವರು. ಒಬ್ಬರು ತೆಗೆದುಕೊಂಡದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಯಾರದೂ ಕೆಟ್ಟ ಮನಸ್ಸಲ್ಲ. ನನಗೆ ಹೆಚ್ಚು ನೋವಾದದ್ದು ಅದಕ್ಕೇ.

"ಪೂಜೆ ಮುಂದಕ್ಕೆ ಹಾಕೋಣ್ವಾ?" ಎಂದರು ಮೇಡಂ.

"ಆಷಾಢ ಬಂದ್ರೆ ಶ್ರಾವಣದ ಗಂಟ ಇಂಗೇ ಕೂತಿರ್ಬೇಕಾಯ್ತದೆ" ಎಂದರು ಅಪ್ಪ.

"ಹಾಗಾದ್ರೆ ಈಗ್ಲೇ, ಇಲ್ಲೇ ಮುಗ್ಸೋಣ. ತಗೊಂಡೋರೆಲ್ಲ ವಾಪಸ್ ಕೊಡಿ" ಎಂದರು ಮೇಡಂ.

ಕಂಬವನ್ನು ಅಡ್ಡ ತಿರುಗಿಸುತ್ತೇನೆ ಎಂದರು ಮಂಜೂರ್. ಪೈಪುಗಳನ್ನು ಹೊರಗೋಡೆಗೆ ಹಾಕಲು ಕಾಶಿನಾಥ ಒಪ್ಪಿದರು. ಅಪ್ಪ ಚಪ್ಪಲಿ ಬಿಟ್ಟು ದೇವರ ಮನೆಯ ಗೆರೆಯನ್ನು ಬರಿಗಾಲಿನಲ್ಲಿ ಒರೆಸಿ, ಸುಣ್ಣ ಹಿಡಿದು ಆಚೆಗೊಂದು ಗೆರೆ ಎಳೆದರು.

"ಸಾಕೇನಮ್ಮಾ ರಾಧಾ?"

ಈ ಪ್ರಶ್ನೆಗೆ ಹುಟ್ಟಿದಾಗಿನಿಂದ ನಾನು ಸಾಕು ಎಂದೇ ಹೇಳುತ್ತ ಬಂದವಳು.

"ಸಾಲ್ದು ಅಪ್ಪಾ" ಎಂದೆ. "ಇನ್ನೂ ಸ್ವಲ್ಪ ಆಚೆ ಹೋಗಿ."