ಸಿಮಿಯೋನಪ್ಪನವರಿಗೊಂದು ಕೆಮ್ಮು

ಸಿಮಿಯೋನಪ್ಪ ಮಾಸ್ತರರು ನಡೆಯುತ್ತಿರಲಿಲ್ಲ, ತುಳಿಯುತ್ತಿದ್ದರು. ಬೈಲಹೊಂಗಲದ ಬಜಾರಿನ ಡಾಂಬರಿನ ಮೇಲೂ ಅವರ ಪಾದಗಳು ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಿಗೆ ತೂಗುತ್ತ, ಭೂಗರ್ಭದ ಯಾವುದೋ ಅದೃಶ್ಯ ತಿದಿಗೆ ಗಾಳಿ ತುಂಬುತ್ತಿದ್ದವು. ಅರ್ಧ ಆಯುಷ್ಯ ನಾಟಕ ಕಂಪನಿಗಳಲ್ಲಿ ಪರದೆ ಬರೆದು, ಕಾಲಿನಿಂದ ತುಳಿದು ನುಡಿಸುವ ಆರ್ಗನ್ ಬಾರಿಸಿ, ಕಂಪನಿ ಮುರಿದ ಮೇಲೆ ಆ ಪೇಟಿಯನ್ನೂ ಒಂದು ಕರಿ ಕೋಟನ್ನೂ ಹೊತ್ತುಕೊಂಡು ಒಬ್ಬರೇ ಊರಿಗೆ ಮರಳಿದವರು ಅವರು. ಕೋಟಿನ ತೋಳಿನ ತುಂಬ ಬಣ್ಣದ ಕಲೆ. “ಇದು ಕೆಂಪು ಸಮುದ್ರ, ಇದು ಯೋನನ್ನ ನುಂಗಿದ ಮೀನಾ” ಎಂದು ಬೈಬಲ್ಲಿನ ಕಥೆಗಳನ್ನೆಲ್ಲ ಆ ಕಲೆಗಳಲ್ಲೇ ತೋರಿಸುವಾಗ ಅವರ ಮುಖದಲ್ಲಿ ಜಹಗೀರದಾರನೊಬ್ಬ ತನ್ನ ಹೊಲಗಳನ್ನು ತೋರಿಸುವ ಗತ್ತು ಮೂಡುತ್ತಿತ್ತು.

ರವಿವಾರದ ಮಧ್ಯಾಹ್ನ ಚರ್ಚಿನ ಪಡಸಾಲೆಯಲ್ಲಿ ಅವರು ಕಳೆದುಹೋದ ಕುರಿಯ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆಯನ್ನು, ಆ ಪೇಟಿಯ ಮೇಲೆ ನುಡಿಸುತ್ತಿದ್ದರು. ನೂರು ಕುರಿಗಳಲ್ಲಿ ಒಂದು ತಪ್ಪಿಹೋಗುವುದು, ಕುರುಬ ಹುಡುಕುವುದು, ಹೆಗಲ ಮೇಲೆ ಹೊತ್ತು ತರುವುದು: ಹೀಗೆ ಮೂರು ಪರದೆ, ಮಾತು ಕಡಿಮೆ. ಕುರಿಗೊಂದು ಸಣ್ಣ ಸ್ವರ, ಕುರುಬನ ಹೆಜ್ಜೆಗೆ ಮಂದ್ರ. ಪರದೆಯ ಹಗ್ಗ ಎಡಗೈಗೇ ಸಿಗಬೇಕಾದ್ದರಿಂದ ಅವರು ಪ್ರೇಕ್ಷಕರಿಗೆ ಬೆನ್ನು ಮಾಡಿ ಕೂಡುತ್ತಿದ್ದರು.

ಎದುರು ಮನೆಯವನಾದ ನಾನು ಒಮ್ಮೆ ಹೋಗಿ ಕೂತಾಗ ಹೇಳಿದರು: “ಹಿಂದ ಮಂದಿ ಅದಾರೋ ಇಲ್ಲೋ ತಿಳಿಯೂದಿಲ್ರಿ. ನಡುನಡುಕ ಒಂದೀಟು ಕೆಮ್ಮರಿ, ಸಾಹೇಬ್ರ.”

“ತಿರುಗಿ ನೋಡಬಾರದೇನ್ರಿ?”

“ನೋಡಿದಾಗ ಯಾರೂ ಇರಲಿಲ್ಲಂದ್ರ ಏನ್ ಮಾಡ್ಲಿ?”

ಮೊದಮೊದಲು ಪಡಸಾಲೆ ತುಂಬುತ್ತಿತ್ತು. ಕಟಕೋಳದ ಕುರುಬ ಹಣಮಂತಪ್ಪ ಒಂದು ದಿನ ಎದ್ದು ನಿಂತೇ ಬಿಟ್ಟ. “ತೊಂಬತ್ತೊಂಬತ್ತು ಬಿಟ್ಟು ಒಂದರ ಬೆನ್ನ ಹತ್ತಾಂವ ಎಂಥಾ ಕುರುಬನ್ರಿ? ತೋಳಕ್ಕ ಹಬ್ಬಾನ!” ಮುಂದಿನ ವಾರ ಪರದೆಯಲ್ಲಿ ಮಂದೆಯ ಕಾವಲಿಗೆ ಭರ್ಜರಿ ನಾಯಿಯೊಂದು ಹುಟ್ಟಿತ್ತು. ಅದನ್ನು ನೋಡಲು ಹಣಮಂತಪ್ಪ ಬರಲೇ ಇಲ್ಲ. ಎರಡನೆಯ ಪರದೆ, ಅಂದರೆ ಹುಡುಕಾಟ, ಅರ್ಧ ತಾಸು ನಡೆಯುತ್ತಿತ್ತು. ಜನ ಕರಗುತ್ತಿದ್ದುದು ಅಲ್ಲಿಯೇ. ಕಸ ಹೊಡೆಯುವ ಸತ್ಯವ್ವ ಸೊಂಟದ ಮೇಲೆ ಕೈಯಿಟ್ಟು, “ಆ ಕುರಿ ಲಗೂನ ಸಿಗಲ್ರಿ ಮಾಸ್ತರ, ನಾ ರೊಟ್ಟಿ ಬಡೀಬೇಕು” ಎನ್ನುವಳು.

“ಕಳಕೊಂಡಾಂವಗ ಲಗೂನ ಸಿಗೂದಿಲ್ಲವ್ವ. ಕುಂದರು, ಇನ್ನ ಐತಿ.”

ಕೊನೆಗೆ ಉಳಿದವನು ನಾನೊಬ್ಬನೇ. ಎಪ್ಪತ್ನಾಲ್ಕನೆಯ ಇಸವಿಯ ಒಂದು ರವಿವಾರ ಕಿತ್ತೂರಿನ ಸಂಘವೊಂದು ನನ್ನನ್ನು ಅಧ್ಯಕ್ಷತೆಗೆ ಕರೆದಿತ್ತು. ನಾನಿಲ್ಲದೆ ಸಭೆ ನಡೆಯದೆಂಬ ನಂಬಿಕೆ ಆಗಿನ್ನೂ ನನ್ನಲ್ಲಿ ಗಟ್ಟಿಯಾಗಿತ್ತು. ಹುಡುಕಾಟದ ನಡುವೆ ಎರಡು ಸಲ ಕೆಮ್ಮಿ, ಚಪ್ಪಲಿ ಕೈಯಲ್ಲಿ ಹಿಡಿದು ಜಾರಿಕೊಂಡೆ. ಕಿತ್ತೂರಿನಲ್ಲಿ ನಾನು ಸಭೆಗೆ ಮುಖ ಮಾಡಿಯೇ ನಿಂತಿದ್ದೆ. ಆದ್ದರಿಂದ ಕುರ್ಚಿಗಳು ಖಾಲಿಯಾಗುವುದನ್ನು ಒಂದೊಂದಾಗಿ ಕಂಡೆ, ನನ್ನ ಹಾಸ್ಯ ಭಾಷಣವನ್ನು ಅರ್ಧಕ್ಕೇ ಮುಗಿಸಿದೆ.

ಮರುವಾರ ತಪ್ಪೊಪ್ಪಿಕೊಳ್ಳಲು ಹೋದರೆ ಅವರೇ ನಕ್ಕರು. “ಹ್ವಾದ ವಾರ ಕಡೀತನಕ ಕೆಮ್ಮು ಕೇಳಸ್ತಿತ್ರಿ. ಹುರುಪಿಗೆ ಬಂದು ಕುರೀನ ಎರಡೆರಡು ಸಲ ಹುಡುಕಿದೆ. ಮುಗಿಸಿ ತಿರುಗಿದ್ರ, ಬಾಗಲದಾಗ ಸತ್ಯವ್ವನ ಆಡು! ನೆಗಡಿ ಹತ್ತಿತ್ತು ಅದಕ್ಕ.” ಪೇಟಿಯ ಮುಚ್ಚಳ ತೆಗೆಯುತ್ತ, “ಆಡಾದ್ರೇನಾತ್ರಿ, ಕಡೀತನಕ ನಿಂತಿತ್ತು” ಎಂದರು. ಧ್ವನಿಯಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದು ಕಡೆಯ ಪರದೆ ಇಳಿದಾಗ ನೋಡಿದೆ. ಕುರುಬನನ್ನು ಎದುರುಗೊಳ್ಳುವ ಕುರಿಗಳ ನಡುವೆ, ಇನ್ನೂ ಬಣ್ಣ ಹಸಿಯಾಗಿದ್ದ, ಗಡ್ಡದ ಆಡೊಂದು ನಿಂತಿತ್ತು. ನನ್ನನ್ನು ಎಲ್ಲಿಯೂ ಬರೆದಿರಲಿಲ್ಲ.

ಇಂಥವರು ನಮ್ಮತ್ತ ಬೆನ್ನು ಮಾಡಿ ಕೂತಿರುತ್ತಾರೆ. ಅವರಿಗೆ ಕಾಣುವುದಿಲ್ಲವೆಂದು ನಾವು ಮೆಲ್ಲಗೆ ಎದ್ದು ಹೋಗುತ್ತೇವೆ. ಮುಖ ಮಾಡಿ ನಿಲ್ಲುವ ನಮ್ಮಂಥವರ ಕಥೆ ಖಾಲಿ ಕುರ್ಚಿ ಕಂಡಲ್ಲಿಗೆ ಮುಗಿಯುತ್ತದೆ. ಅವರದು ಹಾಗಲ್ಲ. ಹಿಂದೆ ಯಾರಾದರೂ ಇದ್ದಾರೆಂದು ಒಂದು ಕೆಮ್ಮಿನಷ್ಟು ನಂಬಿಕೆಯಿದ್ದರೆ ಸಾಕು, ಕುರಿ ಸಿಗುವವರೆಗೂ ತುಳಿಯುತ್ತಲೇ ಇರುತ್ತಾರೆ.