ಬೀಳಗಿಗೆ ನೋಡಾಕ

ಪ್ರಭುಲಿಂಗನಿಗೆ ಜಮಖಂಡಿ ಗೊತ್ತಿತ್ತು ಎಂದರೆ ಸುಳ್ಳು, ಗೊತ್ತಿರಲಿಲ್ಲ ಎಂದರೂ ಸುಳ್ಳು. ಅಲ್ಲಿ ಅವನು ಕಂಡದ್ದು ಒಂದು ಪಡಸಾಲೆ, ಅದರ ಜಂತಿ, ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡು ಕೂತ ಯಾರದೋ ಅಜ್ಜ. ಮುಧೋಳದಲ್ಲಿ ಕಂಡದ್ದು ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ತಾಟು ಉಪ್ಪಿಟ್ಟು. ಮಹಾಲಿಂಗಪುರದಲ್ಲಿ ಉಪ್ಪಿಟ್ಟೂ ಇಲ್ಲ, ಬರೀ ಚಹಾ. ಹೋದಲ್ಲೆಲ್ಲ ಹೆಣ್ಣು ನೋಡಲು ಹೋಗಿದ್ದ, ಎಲ್ಲ ಕಡೆಯೂ ತನ್ನನ್ನೇ ನೋಡಿಸಿಕೊಂಡು ಬಂದಿದ್ದ. ಜಮಖಂಡಿಯ ರಾಮತೀರ್ಥದ ಗುಡ್ಡದ ಮೇಲೆ ರಾಜರ ಅರಮನೆ ಇದೆ. ಮುಧೋಳದಲ್ಲಿ ಗಾಳಿಯನ್ನೇ ಹಿಂದೆ ಹಾಕುವ ಬೇಟೆನಾಯಿಗಳಿವೆ. ದೂರದೂರದ ಮಂದಿ ಕಾರು ಮಾಡಿಕೊಂಡು ಬಂದು ನೋಡುತ್ತಾರೆ. ಇವನದು ಮಾತ್ರ ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿನಿಂದ ಪಡಸಾಲೆಗೆ, ಪಡಸಾಲೆಯಿಂದ ಬಸ್ ಸ್ಟ್ಯಾಂಡಿಗೆ.

"ಹುಡುಗ ಛಲೋ ಅದಾನ್ರೀ. ಆದ್ರ ಮಗ್ಗದಾಂವ," ಎಂದು ಮುಧೋಳದ ಹೆಣ್ಣಿನ ತಾಯಿ ಹೊಸ್ತಿಲಲ್ಲೇ, ಇವನ ಕಿವಿಗೆ ಬೀಳುವ ಹಾಗೆ, ನಂಟಸ್ತಿಕೆ ತಂದ ಮಲಕಾಜಪ್ಪನಿಗೆ ಹೇಳಿದ್ದಳು. ಹೇಳುವಾಗ ಅವಳು ಉಟ್ಟದ್ದು ಇವನದೇ ಊರು ಬನಹಟ್ಟಿಯ ಮಗ್ಗದ ಸೀರೆ. ಮೈಗೆ ಮಗ್ಗ ಬೇಕು, ಮಗಳಿಗೆ ಮಗ್ಗದವನು ಬೇಡ. ಆ ಸೀರೆಯ ಅಂಚು ಪ್ರಭುಲಿಂಗನ ಕಣ್ಣಿನಲ್ಲಿ ಇವತ್ತಿಗೂ ಕಸದಂತೆ ಚುಚ್ಚುತ್ತದೆ. ಅಪ್ಪ ತೀರಿಕೊಂಡ ವರ್ಷ ಏಳನೇ ಇಯತ್ತೆಗೇ ಶಾಲೆ ಬಿಟ್ಟು ಮಗ್ಗದ ಮುಂದೆ ನಿಂತವನು ಅವನು. ಯಾರ ಮನೆಯ ಬಾಗಿಲಿಗೂ ಇನ್ನು ಹೋಗುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದ್ದ. ಅವ್ವನಿಗೆ ಅದನ್ನು ಹೇಳಿರಲಿಲ್ಲ, ಅಷ್ಟೇ.

ಪಕ್ಕದ ಮಗ್ಗದ ಶಿವಯೋಗಿ ಒಂದು ಸಂಜೆ ಫೋನಿನಲ್ಲಿ ವಿಡಿಯೋ ತೋರಿಸಿದ. ಬೀಳಗಿ ಕಡೆ ಕೃಷ್ಣೆಯ ಹಿನ್ನೀರು, ಅದರಲ್ಲಿ ಒಂಟಿಕಾಲಿನ ಮೇಲೆ ನಿಂತ ರಾಜಹಂಸಗಳು. ಎಲ್ಲಿಂದಲೋ ಬಂದು, ಬೇಸಿಗೆ ಕಳೆಯುವುದರೊಳಗೆ ಹೋಗುತ್ತವಂತೆ. ಮರುದಿನ ಲೈನಿನ ದುರಸ್ತಿಗೆಂದು ಸಂಜೆಯ ತನಕ ಕರೆಂಟು ಇರುವುದಿಲ್ಲ ಎಂದು ಸುದ್ದಿ ಬಂದಿತ್ತು. ಮಗ್ಗದ ಗದ್ದಲದಲ್ಲೇ ಅವನು ಅವ್ವ ಬನಶಂಕರಿಗೆ ಕೂಗಿ ಹೇಳಿದ.

"ಯವ್ವಾ, ನಾಳಿ ಬೀಳಗಿಗೆ ನೋಡಾಕ ಹೊಂಟೇನಿ."

ನೂಲು ಸುತ್ತುತ್ತಿದ್ದ ಅವಳ ಕೈ ನಿಂತಿತು. "ಯಾರ ಹೇಳಿದ್ರೋ?"

"ಶಿವಯೋಗಿ. ಭಾಳ ಛಲೋ ಐತಂತ. ಫೋನಿನಾಗ ತೋರಿಸಿದ."

"ಫೋನಿನಾಗ ಹೆಂಗ ಕಾಣತೈತಿ?"

"ಫೋನಿನಾಗ ಏನ್ ತಿಳಿತೈತಿ, ಹೋಗೇ ನೋಡಬೇಕು."

"ಖರೆ ಅದು," ಎಂದಳು ಅವ್ವ. ಮತ್ತೇನೂ ಕೇಳಲಿಲ್ಲ.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಗೂಟಕ್ಕೆ ತೂಗುತ್ತಿತ್ತು. ಅವ್ವ ಹಣೆಗೆ ವಿಭೂತಿ ಹಚ್ಚಿದಳು, ಅಂಗೈಗೆ ಬೆಲ್ಲದ ಚೂರು ಹಾಕಿದಳು. ಊರು ನೋಡಲು ಹೋಗುವವನಿಗೆ ಇಷ್ಟು ಆರತಿ ಯಾಕೆ ಎಂದುಕೊಳ್ಳುತ್ತ ಹೊಸ್ತಿಲು ದಾಟಿದರೆ, ಎದುರಿಗೆ ಓಣಿಯ ಅನಸವ್ವ ತುಂಬಿದ ಕೊಡ ಹೊತ್ತು ನಿಂತಿದ್ದಾಳೆ. ಬರುತ್ತಿಲ್ಲ, ಹೋಗುತ್ತಿಲ್ಲ, ಸುಮ್ಮನೆ ನಿಂತಿದ್ದಾಳೆ.

"ತುಂಬಿದ ಕೊಡ ಎದುರಾತ ನೋಡೋ ಪ್ರಭ್ಯಾ. ಹೆಣ್ಣಿನ ಮನಿಯಾಗ ಮಾರಿ ಗಂಟ ಹಾಕ್ಕೊಂಡ ಕೂಡಬ್ಯಾಡ. ಈ ಸಲ ಒಪ್ಪಿಸ್ಕೊಂಡ ಬಾ."

ಆಗ ತಿಳಿಯಿತು ಅವನಿಗೆ. ಬನಹಟ್ಟಿಯಲ್ಲಿ ಮದುವೆಯಾಗದ ಹುಡುಗ 'ನೋಡಾಕ ಹೊಂಟೇನಿ' ಅಂದರೆ ಒಂದೇ ಅರ್ಥ. ಅದರ ಮೇಲೆ ಈ ಕಡೆಯ ಮಾತಿನಲ್ಲಿ ಹುಡುಗಿಗೂ 'ಐತಿ', ಹಿನ್ನೀರಿಗೂ 'ಐತಿ'. ಅವನು ಸರಕ್ಕನೆ ಮನೆಯತ್ತ ತಿರುಗಿದ. ಬಾಗಿಲಲ್ಲಿ ಅವ್ವ ನಗುತ್ತಿದ್ದಳು. ಆ ಮುಖದಲ್ಲಿ ನಗು ಕಂಡು ಎಷ್ಟು ಕಾಲವಾಗಿತ್ತೋ.

"ಹಿಂದ ತಿರುಗಿ ನೋಡಬ್ಯಾಡೋ, ಹೊಂಟ ಕೆಲಸ ಕೆಡತೈತಿ," ಎಂದಳು.

ಅವನು ಮತ್ತೆ ತಿರುಗಿ ನೋಡಲಿಲ್ಲ. ನಿಜ ಹೇಳಲೂ ಇಲ್ಲ. ಬಸ್ಸು ಹತ್ತಿದ.

ಜಮಖಂಡಿಯಲ್ಲಿ ಬಸ್ಸು ಬದಲಾಯಿಸುವಾಗ ಗುಡ್ಡದ ದಿಕ್ಕಿಗೆ ಮುಖ ಎತ್ತಿದ, ಮನಸ್ಸು ಎತ್ತಲಿಲ್ಲ. ಸಂಜೆ ಅವ್ವ ಕೇಳುತ್ತಾಳೆ. ಏನು ಹೇಳುವುದು? 'ಹೇಳಿ ಕಳಸ್ತಾರಂತ' ಅಂದರೆ ತಿಂಗಳುಗಟ್ಟಲೆ ಕಾಯುತ್ತಾಳೆ. 'ಒಲ್ಲೆ ಅಂದ್ರು' ಅಂದರೆ, ಇಲ್ಲದ ಹುಡುಗಿಯೂ ಒಲ್ಲೆ ಅಂದ ಹಾಗಾಯಿತು. ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದರೆ ಬಸ್ಸಿನಲ್ಲಿ ಯಾರೂ ಸಿಗಲಿಲ್ಲ.

ಬೀಳಗಿಯಲ್ಲಿ ಇಳಿದು, ಆಟೋ ಹಿಡಿದು, ಉಳಿದ ದಾರಿ ನಡೆದ. ಕಪ್ಪು ಎರೆಹೊಲ ಮುಗಿದಲ್ಲಿ ನೀರು ಶುರುವಾಗಿತ್ತು. ಆಚೆ ದಂಡೆ ಕಾಣದಷ್ಟು ನೀರು. ತೀರದಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಮುದುಕ, ಹುಲೆಪ್ಪ ಎಂದು ಆಮೇಲೆ ತಿಳಿಯಿತು, ಇವನ ಇಸ್ತ್ರಿ ಅಂಗಿಯನ್ನೂ ವಿಭೂತಿಯನ್ನೂ ನೋಡಿದ.

"ಯಾರ ಮನಿಗಿ ಬಂದೀಯೋ ತಮ್ಮಾ?"

"ಯಾರ ಮನಿಗೂ ಇಲ್ಲ. ಹಕ್ಕಿ ನೋಡಾಕ."

"ಕ್ಯಾಮೆರಾ ಎಲ್ಲೈತಿ?"

"ಇಲ್ರಿ."

"ಬರೇ ಕಣ್ಣಿಲೇ ನೋಡಾಕ ಬಂದೀಯಾ? ಅದೂ ಒಬ್ಬನ?" ಹುಲೆಪ್ಪ ನಕ್ಕು, ಗದ್ದ ಎತ್ತಿ ನೀರಿನ ಕಡೆ ತೋರಿಸಿದ. "ನೋಡ್ಕೋ ಹೋಗು. ಹತ್ತರ ಹೋಗಬ್ಯಾಡ."

ಮೊದಲು ಬಿಳಿ ಗೆರೆಯೊಂದೇ ಕಂಡಿತು, ಒಣಹಾಕಿದ ಧೋತರದ ಹಾಗೆ. ಕಣ್ಣು ಕಿರಿದು ಮಾಡಿದರೆ ಆ ಗೆರೆಗೆ ಕಾಲುಗಳಿದ್ದವು, ಬಾಗಿದ ಕತ್ತುಗಳಿದ್ದವು. ಪ್ರಭುಲಿಂಗ ಕೆಸರಿನಲ್ಲಿ ಚಪ್ಪಲಿ ಬಿಟ್ಟು ಮುಂದೆ ಹೋದ. ಮುದುಕನ ಮಾತು ಮರೆತು ಇನ್ನೂ ಮುಂದೆ ಹೋದ. ಒಮ್ಮೆಲೆ ಆ ಬಿಳಿಯೆಲ್ಲ ಎದ್ದಿತು. ಎದ್ದದ್ದೇ ರೆಕ್ಕೆಯ ಒಳಗಿನ ಗುಲಾಬಿ ಬಿಚ್ಚಿಕೊಂಡು ನೀರಿನ ಮೇಲೆಲ್ಲ ಹರಡಿತು. ಅಂಥ ಬಣ್ಣದ ನೂಲು ಅವನ ಕೈಗೆ ಎಂದೂ ಬಂದಿರಲಿಲ್ಲ.

"ಅಲ್ಲಿ ನೋಡು," ಎಂದ ಅವನು, ಬಲಕ್ಕೆ ತಿರುಗಿ.

ಬಲಕ್ಕೆ ಯಾರೂ ಇರಲಿಲ್ಲ. ಎತ್ತಿದ ಕೈ ಹಾಗೇ ಇತ್ತು. ಕೆಳಗಿಳಿಸಿ ಜೇಬಿಗೆ ಹಾಕಿಕೊಂಡ. ಅಂಗೈಯಲ್ಲಿ ಬೆಳಗಿನ ಬೆಲ್ಲದ ಅಂಟು ಇನ್ನೂ ಇತ್ತು. ಹಕ್ಕಿಗಳು ಅಷ್ಟು ದೂರ ಹೋಗಿ ಮತ್ತೆ ಗೆರೆಯಾದವು. ಅವು ಯಾರು ಹತ್ತಿರ ಹೋದರೂ ಏಳುತ್ತವೆ, ಮಗ್ಗದವನು ಎಂದು ಕೇಳಿ ಏಳುವುದಿಲ್ಲ. ಆದರೂ ಬಹಳ ಹೊತ್ತು ಕೆಸರಿನಲ್ಲೇ ನಿಂತಿದ್ದ.

ಹೊತ್ತು ಮುಳುಗುವಾಗ ಮನೆ ಮುಟ್ಟಿದ. ಅವ್ವ ಒಲೆಯ ಮುಂದಿನಿಂದ ಎದ್ದಳು. ಕಟ್ಟೆಯ ಮೇಲೆ ಹೊಸ ಸಕ್ಕರೆ ಪೊಟ್ಟಣ ಇತ್ತು. ಓಣಿಗೆಲ್ಲ ಹಂಚಲು.

"ಹೆಂಗಿತ್ತೋ?"

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಸುಳ್ಳು ಆ ಪೊಟ್ಟಣ ಕಂಡು ಬಿಚ್ಚಿ ಹೋಯಿತು. "ಯವ್ವಾ, ನಾ ಹೆಣ್ಣ ನೋಡಾಕ ಹೋಗಿದ್ದಿಲ್ಲ. ಹಕ್ಕಿ ನೋಡಾಕ ಹೋಗಿದ್ದೆ."

"ಹಕ್ಕಿ?"

"ಹೂಂ."

"ಬರೇ ಹಕ್ಕಿ?"

"ನೀರೂ ಇತ್ತು."

ಅವ್ವ ಪೊಟ್ಟಣವನ್ನು ಎತ್ತಿ ಗೋಡೆಯ ಮಾಡದೊಳಗೆ ಹಿಂದಕ್ಕೆ ಸರಿಸಿದಳು. ಅವನ ಕಡೆ ಬೆನ್ನು ಮಾಡಿಯೇ ಕೇಳಿದಳು, "ಹೆಂಗಿದ್ದುವು?"

"ಎತ್ತರ. ಕಾಲ ಕಡ್ಡಿ ಇದ್ದಂಗ ಉದ್ದ. ರೆಕ್ಕಿ ಬಿಚ್ಚಿದ್ರ ಒಳಗ ಗುಲಾಬಿ."

ಅಷ್ಟರಲ್ಲಿ ಬಾಗಿಲಲ್ಲಿ ಅನಸವ್ವ. "ಏನಾತ ಬನಶಂಕ್ರವ್ವಾ? ಏನಂದ್ರಂತ ಬೀಳಗಿಯವರು?"

ಪ್ರಭುಲಿಂಗ ತಲೆ ತಗ್ಗಿಸಿದ. ಅವ್ವ ಸೆರಗು ಸರಿ ಮಾಡಿಕೊಂಡು ಹೊಸ್ತಿಲಿಗೆ ಬಂದಳು.

"ಅವರೇನ ಅಂತಾರ. ನಮ್ಮ ಹುಡುಗನೇ ಒಲ್ಲೆ ಅಂದ ಬಂದಾನ."

"ಇವನೇ? ಯಾಕಂತ?"

"ಎತ್ತರ ಭಾಳ ಆತಂತ."

ಅನಸವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಹಾಗೆ ಅವನನ್ನು ಯಾರೂ ನೋಡಿರಲಿಲ್ಲ. ಆಮೇಲೆ ಸುದ್ದಿ ಆರುವ ಮೊದಲು ಮುಟ್ಟಿಸಬೇಕೆಂದು ಓಣಿಗುಂಟ ಸರಸರ ನಡೆದಳು. "ಹುಡುಗನೇ ಒಲ್ಲೆ ಅಂದನಂತ," ಎಂಬ ಅವಳ ದನಿ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುತ್ತಿತ್ತು.

ಅವ್ವ ಒಳಗೆ ಹೋದಳು. ಮೂಲೆಯಲ್ಲಿ ಕೂತು ನೂಲು ಕೈಗೆತ್ತಿಕೊಂಡಳು. ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ. ಪ್ರಭುಲಿಂಗ ಬಾಗಿಲಿಗೆ ಒರಗಿ ಕಿವಿಗೊಟ್ಟು ನಿಂತ. ಇಲ್ಲದ ಹುಡುಗಿಯನ್ನು ಒಲ್ಲೆ ಅಂದದ್ದು. ಆದರೂ ಆ ಮಾತನ್ನು ಇನ್ನೊಂದು ಸಲ ಕೇಳಬೇಕೆನಿಸಿತು.

ಆಗಲೇ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ಎದ್ದು ಬಡಿಯತೊಡಗಿದವು. ಮತ್ತೇನೂ ಕೇಳಿಸಲಿಲ್ಲ.