ಬಣ್ಣ ಬಳಿಯದ ಗೆರೆ

ಮಗಳು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಪ್ಪನ ಉಗುರುಸಂದಿಯ ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕುತ್ತಿದ್ದಳು. ನಲವತ್ತು ವರ್ಷ ಬಿಳಿಯರ ಮನೆಗಳಿಗೆ ಬಳಿದದ್ದೆಲ್ಲ ಆ ಕರಿಯ ಬೆರಳುಗಳಲ್ಲಿ ಕೂತುಬಿಟ್ಟಿತ್ತು.

"ಬಿಡೇ, ಹಾಗೇ ಹೋಗ್ಲಿ. ಅವನ ಕೈ ಅಂತ ಗುರುತಾದ್ರೂ ಇರುತ್ತೆ," ಎಂದಳು ಅತ್ತೆ.

ಅಷ್ಟರಲ್ಲಿ ಕ್ಷೌರದಂಗಡಿ ಮಾವ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. "ಮೊಣಕಾಲು ಸಾಹೇಬ ಬಂದಿದ್ದಾನೆ. ಹೂವು ತಂದಿದ್ದಾನೆ. ಜೊತೆಗೆ ಪೇಪರಿನ ಫೋಟೊದವನು ಬೇರೆ."

ಆ ಹೆಸರು ಓಣಿಯವರು ಇಟ್ಟದ್ದು. ಎಂಟು ತಿಂಗಳ ಹಿಂದೆ ಹೊಳೆ ಉಕ್ಕಿ ಇಳಿದ ಮೇಲೆ ಹಾನಿಯ ವರದಿ ಬರೆಯಲು ಬಂದ ಈ ಬಿಳಿ ಅಧಿಕಾರಿ ಓಣಿಯ ಬಾಯಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಮೊದಲ ಮನೆಯ ಗೋಡೆ ನೋಡಿ, 'ಮೊಣಕಾಲುದ್ದ ನೀರು' ಎಂದು ಬರೆದುಕೊಂಡು ಗಾಜು ಏರಿಸಿದ್ದ. ಮೊದಲ ಮನೆ ಇವರದ್ದೇ. ಅಲ್ಲಿಂದ ಓಣಿ ಹೊಳೆಯತ್ತ ಇಳಿಯುತ್ತದೆ ಎನ್ನುವುದು ಅವನ ತಲೆಗೇ ಹೋಗಲಿಲ್ಲ. ಮೇಲಿನ ಬೀದಿಯ ಬಿಳಿಯರಿಗೆ ಮೆಟ್ಟಿಲು ನೆನೆದದ್ದಕ್ಕೇ ಎದೆಮಟ್ಟದ ವರದಿಯಾಯಿತು, ಹೊಸ ಮನೆಗಳೂ ಎದ್ದವು. ಸೊಂಟಕ್ಕಿಂತ ಕೆಳಗಿನ ನೀರಿಗೆ ಮನೆಯಿಲ್ಲ ಎನ್ನುವುದು ಕಾನೂನಂತೆ. ಮನೆ ಸಿಗುವವರ ಪಟ್ಟಿ ಮುಚ್ಚಲು ಇನ್ನೊಂದು ವಾರವಿತ್ತು. ಓಣಿಯ ಒಬ್ಬ ಕರಿಯನ ಹೆಸರೂ ಅದರಲ್ಲಿರಲಿಲ್ಲ. ಅಪ್ಪ ನೆನೆದ ಗೋಡೆಗಳ ನಡುವೆಯೇ ಕೆಮ್ಮಿ ಕೆಮ್ಮಿ ಸತ್ತ.

ಈಗ ಈ ತಾರತಮ್ಯದ ವಿಚಾರಣೆಗೆ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಅವರಿಗೆ ತೋರಿಸಲು ಸಾಹೇಬನಿಗೆ ಕರಿಯರ ಜೊತೆ ಒಂದು ಫೋಟೊ ಬೇಕಾಗಿತ್ತು. ಬದುಕಿರುವ ಕರಿಯರು ಏನಾದರೂ ಕೇಳಿಬಿಡುತ್ತಾರೆ. ಸತ್ತವನಿಂದ ಆ ತೊಂದರೆಯಿಲ್ಲ.

*

ನೀರಿಳಿದ ತಿಂಗಳು ಅಪ್ಪ ಓಣಿಯವರನ್ನೆಲ್ಲ ಕ್ಷೌರದಂಗಡಿಯಲ್ಲಿ ಸೇರಿಸಿದ್ದ. ಭಾಷಣ ಬರುವ ಬಾಯಲ್ಲ ಅದು. "ಎಲ್ರ ಮನೆಗೂ ಪುಕ್ಕಟೆ ಬಣ್ಣ ಬಳೀತೀನಿ. ನೀರು ನಿಂತ ಕೆಸರಿನ ಗೆರೆ ಮಾತ್ರ ಹಾಗೇ ಬಿಡ್ತೀನಿ. ಯಾರೂ ಉಜ್ಜಬಾರದು," ಎಂದಷ್ಟೇ ಹೇಳಿದ.

ಇಸ್ತ್ರಿಯಮ್ಮ ಮೂಗು ಮುರಿದಳು. "ಮನೆಗೆ ನಾಲ್ಕು ಜನ ಬಂದ್ರೆ ಆ ಹೊಲಸು ಗೆರೆ ತೋರಿಸ್ಬೇಕಾ?"

"ತೋರಿಸ್ಬೇಕಮ್ಮ. ಸಾಹೇಬನಿಗೂ ತೋರಿಸ್ಬೇಕು."

"ಅವನು ಬಂದ್ರೆ ತಾನೇ."

ಅಪ್ಪ ಮನೆಮನೆಗೂ ಹೋಗಿ ಗೆರೆಯ ಮೇಲೂ ಕೆಳಗೂ ಬಣ್ಣ ಬಳಿದು, ಗೆರೆ ಅಳಿಸಿಹೋಗದಂತೆ ಅದಕ್ಕೆ ವಾರ್ನಿಶ್ ಹಚ್ಚಿದ. ಮೂವತ್ತೆಂಟು ಮನೆ. ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ ಅರ್ಜಿಯ ಮೇಲೆ ಅರ್ಜಿ ಕೊಟ್ಟ. ಕಚೇರಿಯ ಗುಮಾಸ್ತ 'ಬಂದು ನೋಡ್ತಾರೆ ಹೋಗಯ್ಯ' ಎನ್ನುತ್ತಿದ್ದ, ಅಪ್ಪ ನಂಬಿಕೊಂಡು ಬರುತ್ತಿದ್ದ. ಮಗಳಿಗೆ ಸಾಹೇಬನ ಮೇಲಿದ್ದಷ್ಟೇ ಸಿಟ್ಟು ಈ ನಂಬಿಕೆಯ ಮೇಲೂ ಇತ್ತು. "ನಿನ್ನ ವಾರ್ನಿಶ್ ನೋಡೋಕೆ ಬರೋದಕ್ಕೆ ಅವನೇನು ನಿನ್ನ ನೆಂಟನಾ?" ಎಂದು ಎಲ್ಲರೆದುರೇ ಹಂಗಿಸಿದ್ದಳು. ಆ ಮಾತು ಈಗ ಅವಳನ್ನೇ ಚುಚ್ಚುತ್ತಿತ್ತು.

*

ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದ. ಟೋಪಿ ತೆಗೆಯಲಿಲ್ಲ. "ನಿಮ್ಮ ತಂದೆ ಒಳ್ಳೆ ಮನುಷ್ಯ. ನಮ್ಮ ಕಚೇರಿಗೆ ಬರ್ತಾ ಇದ್ರು."

"ಹದಿನಾಲ್ಕು ಸಲ," ಎಂದಳು ಮಗಳು. "ನೀವು ಒಂದ್ ಸಲಾನೂ ಇರ್ಲಿಲ್ಲ."

ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ನಾನೂ ಹೆಗಲು ಕೊಡ್ತೀನಿ. ರಸ್ತೆ ತನಕ ಸಾಕಲ್ವಾ?"

ಮಾವ ಅವಳ ಕಿವಿಯಲ್ಲಿ, "ಆ ಕೈ ಪೆಟ್ಟಿಗೆಗೆ ತಾಗಿದ್ರೆ ನಾನು ಎದ್ದು ಹೋಗ್ತೀನಿ," ಎಂದ.

"ಇರು ಮಾವ." ಮಗಳು ಸಾಹೇಬನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಕೊಡಿ ಸಾಹೇಬ್ರೆ. ಆದ್ರೆ ರಸ್ತೆ ಮೇಲೆ ಹೋಗಲ್ಲ. ಓಣಿ ಇಳಿದು, ಸೇತುವೆ ದಾಟಿ ಸ್ಮಶಾನಕ್ಕೆ ಹೋಗ್ತೀವಿ. ಓಣಿ ಕಿರಿದು, ಸೇತುವೆ ತನಕ ಹೆಗಲು ಬದಲಾಯಿಸೋಕಾಗಲ್ಲ."

ಫೋಟೊದವನು ಆಗಲೇ ಕ್ಯಾಮೆರಾ ಹಿಡಿದು ಎದುರಿಗೇ ಹಿಂದೆಹಿಂದೆ ಹೆಜ್ಜೆಯಿಡುತ್ತಿದ್ದ. ಅವನ ಮುಂದೆ ಇಲ್ಲವೆನ್ನುವ ಎದೆ ಸಾಹೇಬನಿಗಿರಲಿಲ್ಲ; ಪೆಟ್ಟಿಗೆಯ ಮುಂಭಾಗಕ್ಕೆ ಹೆಗಲು ಕೊಟ್ಟ.

ಹೊರಟಾಗ ಗೋಡೆಯ ಗೆರೆ ಅವನ ಮೊಣಕಾಲಿಗಿತ್ತು. ಇಪ್ಪತ್ತು ಹೆಜ್ಜೆಗೆ ಸೊಂಟಕ್ಕೆ ಬಂತು, ಇಸ್ತ್ರಿಯಮ್ಮನ ಮನೆಯಲ್ಲಿ ಎದೆಗೆ. ಬಾಗಿಲುಗಳಲ್ಲಿ ನಿಂತವರು ಅಪ್ಪನಿಗೆ ತಲೆಬಾಗಿದರು. ಸಾಹೇಬ ತನಗೇ ಎಂದುಕೊಂಡು ಮುಗುಳ್ನಕ್ಕ.

ಗೆರೆ ಕುತ್ತಿಗೆಗೆ ಬಂದಾಗ ಅವನಿಗೆ ಅದು ಕಂಡಿತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಗೋಡೆ ಬಿಟ್ಟು ತೆಗಿಯಪ್ಪ."

"ಎಲ್ಲಿ ನಿಂತ್ರೂ ಗೋಡೇನೇ ಬರುತ್ತೆ ಸಾರ್."

"ಒಂದ್ನಿಮಿಷ ಇಳಿಸೋಣ್ವಾ?"

"ಹೆಣಾನ ನಡುದಾರೀಲಿ ಇಳಿಸ್ತಾರಾ ಸಾಹೇಬ್ರೆ?" ಎಂದ ಹಿಂದಿನಿಂದ ಹೆಗಲು ಕೊಟ್ಟಿದ್ದ ಮಾವ.

ಸೇತುವೆಯ ಪಕ್ಕದ ಕೊನೆಯ ಮನೆಯ ಬಳಿ ಮಗಳು ನಿಂತಳು. ಪೆಟ್ಟಿಗೆಯೂ ನಿಂತಿತು. "ನಾಳೆ ಪೇಪರಲ್ಲಿ ಬರುತ್ತೇನಣ್ಣ?" ಎಂದು ಫೋಟೊದವನನ್ನು ಕೇಳಿದಳು.

"ಮೊದಲ್ನೇ ಪುಟದಲ್ಲೇ ಅಮ್ಮ."

"ಹಾಗಾದ್ರೆ ಇಲ್ಲೇ ತೆಗೀರಿ."

ಸಾಹೇಬ ಅಪ್ಪನನ್ನು ಹೊತ್ತುಕೊಂಡೇ ತುದಿಗಾಲಿನ ಮೇಲೆ ನಿಂತು ಕತ್ತು ಚಾಚಿದ. ಗೆರೆ ಅವನ ಟೋಪಿಗಿಂತ ಇನ್ನೂ ಒಂದು ಗೇಣು ಮೇಲಿತ್ತು.